ಬೀಗದ ಮನೆಯ ಗುರುತು

ಆ ದಿನ ಲಗ್ಗೆರೆಯಲ್ಲಿ ನಾನು ಹಾಕಿದ ಇಂಟು ಮಾರ್ಕುಗಳು ನಾಲ್ಕು. ನಾಲ್ಕನ್ನೂ ಬೀಗ ಹಾಕಿದ್ದ ಮನೆಗಳ ಗೇಟಿನ ಕಂಬಕ್ಕೆ ಸೀಮೆಸುಣ್ಣದಲ್ಲಿ ಎದೆಯೆತ್ತರಕ್ಕೆ ಎಳೆದಿದ್ದೆ. ಈಗಲೂ ಬಸ್ಸಿಗೆ ಕಾಯುವಾಗ ಯಾವುದಾದರೂ ಕಂಬದ ಮೇಲೆ ಬಿಳಿ ಗೀಟು ಕಂಡರೆ ಎಡಕಿವಿಯ ಹಿಂದೆ ಬಿಸಿಯೇರುತ್ತದೆ. ಮೊದಲ ಏಟು ಬಿದ್ದದ್ದು ಅಲ್ಲಿ.

ಕೆಲಸ ಬಿರುಕುಗಳ ಫೋಟೋ ತೆಗೆಯುವುದು. ಆ ಅಡ್ಡರಸ್ತೆಯಲ್ಲಿ ಒಳಚರಂಡಿಯ ದೊಡ್ಡ ಪೈಪು ಹೂಳಲು ಎರಡಾಳು ಆಳ ಅಗೆಯಬೇಕಿತ್ತು. ರಸ್ತೆ ಕಿರಿದು, ಮನೆಗಳು ಒಂದರ ಗೋಡೆಗೆ ಇನ್ನೊಂದು ಒರಗಿಕೊಂಡಂತೆ ಎದ್ದವು. ಅಗೆದ ಮೇಲೆ ಯಾವ ಬಿರುಕು ಹೊಸದು, ಯಾವುದು ಮೊದಲೇ ಇದ್ದದ್ದು ಎಂದು ಜಗಳ ಬರುತ್ತದೆ. ಅದಕ್ಕೆ ಗುತ್ತಿಗೆದಾರರು ಅಗೆಯುವ ಮುಂಚೆಯೇ ಪ್ರತಿ ಮನೆಯ ಸ್ಥಿತಿಯನ್ನು ದಾಖಲು ಮಾಡಿಸುತ್ತಾರೆ. ನಾನು ಸಿವಿಲ್ ಓದಿದವನು, ಕ್ಯಾಮೆರಾ ನನ್ನ ಕೈಯಲ್ಲಿ. ಟೇಪು ಮತ್ತು ಸ್ಲೇಟು ಹಿಡಿಯಲು ಒಡಿಶಾದಿಂದ ಬಂದ, ಐವತ್ತು ದಾಟಿದ ಒಬ್ಬರು. ಅವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ.

ಕ್ರಮ ಹೀಗೆ. ಗೇಟಿನ ಕಂಬಕ್ಕೆ ಮನೆಯ ಕ್ರಮಸಂಖ್ಯೆ ಬರೆಯಬೇಕು. ರಸ್ತೆಯ ಆಚೆ ಬದಿಯಿಂದ ಮನೆಯ ಇಡೀ ಮುಖದ ಒಂದು ಫೋಟೋ. ಆಮೇಲೆ ಎಡದಿಂದ ಬಲಕ್ಕೆ ಗೋಡೆ ಗೋಡೆಯಾಗಿ. ಬಿರುಕು ಸಿಕ್ಕಿದ ಕಡೆ ಅದರ ಮೇಲೆ ಗೆರೆಗಳಿರುವ ಪ್ಲಾಸ್ಟಿಕ್ ಪಟ್ಟಿ ಇಟ್ಟು ಅಗಲ ಓದಿ, ಸ್ಲೇಟಿನಲ್ಲಿ ಬರೆದು, ಸ್ಲೇಟು ಸಮೇತ ಹತ್ತಿರದ ಫೋಟೋ. ಒಳಗೆ ಬಿಟ್ಟರೆ ಒಳಗೂ ಹಾಗೆಯೇ. ಮುಗಿದ ಮನೆಗೆ ರೈಟ್ ಮಾರ್ಕು. ಬೀಗ ಹಾಕಿದ್ದರೆ ಹೊರಗಿನ ಒಂದೇ ಫೋಟೋ ತೆಗೆದು ಇಂಟು ಮಾರ್ಕು ಹಾಕಿ ಮುಂದೆ ಹೋಗಬೇಕು, ಸಂಜೆ ಇನ್ನೊಮ್ಮೆ ಬರಬೇಕು. ಫೋಟೋದಲ್ಲಿ ಮನುಷ್ಯರು ಬರಬಾರದು ಎಂಬುದು ಕಟ್ಟುನಿಟ್ಟಿನ ನಿಯಮ.

ಆ ವಾರ ಎಲ್ಲರ ಫೋನಿನಲ್ಲೂ ಒಂದು ಸಂದೇಶ ಓಡಾಡುತ್ತಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆ, ಹಗಲಲ್ಲಿ ಫೋಟೋ ತೆಗೆದು ಹೋಗುತ್ತಾರೆ, ದೊಡ್ಡವರಿಲ್ಲದ ಮನೆಗೆ ಗುರುತು ಹಾಕುತ್ತಾರೆ ಎಂದು. ನಮ್ಮ ಮನೆಯವರ ಗುಂಪಿಗೂ ಬಂದಿತ್ತು. ಓದಿ, ಇದೆಲ್ಲ ಸುಳ್ಳು ಎಂದು ಚಿಕ್ಕಮ್ಮನಿಗೆ ಉತ್ತರವನ್ನೂ ಬರೆದಿದ್ದೆ. ಉತ್ತರ ಬರೆದ ಅದೇ ಕೈಯಲ್ಲಿ ಮಾರನೇ ಬೆಳಿಗ್ಗೆ ಸೀಮೆಸುಣ್ಣ ಹಿಡಿದಿದ್ದೆ. ಎರಡನ್ನೂ ಒಟ್ಟಿಗೆ ಯೋಚಿಸಲಿಲ್ಲ.

ಬೇಸಿಗೆ ರಜೆ. ರಸ್ತೆಯ ಮೊದಲ ಮನೆ ಆ ಊರಿನ ಹಳೆಯ ಒಕ್ಕಲು ಮನೆತನದ ಅಜ್ಜಿಯದು. ಕೆಳಗೆ ಅಜ್ಜಿ, ಮೇಲೆ ಮೂರು ಬಾಡಿಗೆ ಸಂಸಾರ. ಅಜ್ಜಿ ಮಜ್ಜಿಗೆ ಕೊಟ್ಟು, ಬಚ್ಚಲಿನ ಗೋಡೆ ಬಿರುಕು ಬಿಟ್ಟಿರುವುದನ್ನು ತಾವೇ ತೋರಿಸಿದ್ದರು. ಕೆಲಸ ಸಲೀಸಾಗಿ ಸಾಗುತ್ತಿತ್ತು. ಹದಿನೇಳನೇ ಮನೆಗೆ ಬೀಗ. ಬಾಗಿಲ ಚಿಲಕದಲ್ಲಿ ದಪ್ಪನೆಯ ಬೀಗ ನೇತಾಡುತ್ತಿದ್ದದ್ದನ್ನು ನೋಡಿದೆ, ಒಂದು ಫೋಟೋ ತೆಗೆದೆ, ಕಂಬಕ್ಕೆ ಇಂಟು ಎಳೆದೆ, ನಡೆದೆ. ಒಂದು ನಿಮಿಷದ ಕೆಲಸವೂ ಅಲ್ಲ.

ಇಪ್ಪತ್ತಮೂರನೇ ಮನೆಯ ಹತ್ತಿರ ಇದ್ದಾಗ ಹಿಂದಿನಿಂದ ಯಾರೋ ಕರೆದರು. ಮೂವತ್ತೈದರ ಆಸುಪಾಸಿನ ಮನುಷ್ಯ. ಪೀಣ್ಯದ ಯಾವುದೋ ಕಾರ್ಖಾನೆಯ ನೀಲಿ ಅಂಗಿ, ತೋಳಿಗೆ ಸಿಕ್ಕಿಸಿದ ಹೆಲ್ಮೆಟ್. ಊಟದ ಬಿಡುವಿನಲ್ಲಿ ಬೈಕಿನಲ್ಲಿ ಮನೆಗೆ ಬಂದಿದ್ದ.

"ಆ ಕಂಬದ್ಮೇಲೆ ಇಂಟು ಮಾರ್ಕು ಹಾಕಿದ್ಯಾರು?"

ನಾನು ತಿರುಗಿ, ಸಂಕೋಚವಿಲ್ಲದೆ, ನಾನೇ ಸಾರ್ ಎಂದೆ. ಕೆಲಸ ಸರಿಯಾಗಿ ಮಾಡಿದವನ ದನಿಯಲ್ಲಿ ಹೇಳಿದೆ. ಅದನ್ನು ಮನಸ್ಸಿನಲ್ಲಿ ಎಷ್ಟೋ ಸಲ ಬೇರೆ ಬೇರೆ ರೀತಿ ಹೇಳಿ ನೋಡಿದ್ದೇನೆ.

ಯಾಕೆ ಹಾಕಿದ್ದು ಎಂದ. ಮನೆಯಲ್ಲಿ ಯಾರೂ ಇಲ್ಲ ಎಂದು ಗುರುತಿಗೆ ಎಂದೆ.

ಮುಂದಿನ ಐದು ನಿಮಿಷ ನನಗೆ ಸಾಲಾಗಿ ನೆನಪಿಲ್ಲ. ಬಾಲ್ಕನಿಗಳಿಂದ ಜನ ಇಳಿದರು. ಕ್ಯಾಮೆರಾದ ಪಟ್ಟಿಯನ್ನು ಯಾರೋ ಜಗ್ಗಿದರು, ಅದು ಕುತ್ತಿಗೆಗೆ ಬಿಗಿಯಿತು. ಕಚೇರಿಯವರು ಕೊಟ್ಟಿದ್ದ ಕೆಲಸದ ಪತ್ರ ತೋರಿಸಿದೆ. ಇಂಗ್ಲಿಷಿನಲ್ಲಿತ್ತು. ಜೆರಾಕ್ಸು ಯಾರು ಬೇಕಾದ್ರೂ ಮಾಡಿಸ್ತಾರೆ ಎಂದು ಒಬ್ಬ ಹರಿದ. ನನ್ನ ಜೊತೆಗಾರರಿಗೆ ಕೆಲಸಕ್ಕೆ ಸಾಲುವಷ್ಟು ಕನ್ನಡ ಬರುತ್ತಿತ್ತು. ಹೆದರಿಕೆಯಲ್ಲಿ ಅದೂ ಹೋಗಿ ಹಿಂದಿಯಲ್ಲಿ ಕೈಮುಗಿಯತೊಡಗಿದರು. ಅದರಿಂದ ಇನ್ನೂ ಕೆಟ್ಟಿತು. ನನ್ನ ಕಿವಿಯ ಹಿಂದೆ ಏಟು ಬಿತ್ತು. ಅವರನ್ನು ತಳ್ಳಿದಾಗ ಕೈಯಲ್ಲಿದ್ದ ಉಕ್ಕಿನ ಟೇಪು ಅಂಗೈ ಸೀಳಿತು. ಯಾರೋ ಚಪ್ಪಡಿಯ ತುಂಡೊಂದನ್ನು ಎತ್ತಿಕೊಂಡಿದ್ದ, ಎಸೆದಿರಲಿಲ್ಲ.

ಸ್ಪಷ್ಟವಾಗಿ ನೆನಪಿರುವುದು ಒಂದು ಸದ್ದು. ಎದುರಿನ ದಿನಸಿ ಅಂಗಡಿಯವರು ಷಟರ್ ಎಳೆದರು. ಅರ್ಧ ಗಂಟೆ ಹಿಂದೆ ನನಗೆ ಚಾಕೊಲೇಟು ಮಾರಿದ್ದವರು. ಇಲ್ಲಿ ಏನೋ ಆಗಲಿದೆ, ಅದನ್ನು ನಾನು ನೋಡುವುದಿಲ್ಲ ಎಂದು ಅವರು ತೀರ್ಮಾನಿಸಿದಂತಿತ್ತು. ಇಲ್ಲಿಂದ ನಾವಿಬ್ಬರೂ ಮನೆಗೆ ಹೋಗುವುದಿಲ್ಲ ಎಂದು ನನಗೆ ಅನ್ನಿಸಿದ್ದು ಆಗ.

ಪೊಲೀಸರ ಹೊಯ್ಸಳ ಗಾಡಿ ರಸ್ತೆಯ ಬಾಯಲ್ಲೇ ನಿಂತಿತು, ಒಳಗೆ ತಿರುಗಲು ಜಾಗವಿರಲಿಲ್ಲ. ಇಬ್ಬರೇ ನಡೆದು ಬಂದರು. ಒಬ್ಬರು ಚಾಲಕ ಕಾನ್‌ಸ್ಟೆಬಲ್. ಇನ್ನೊಬ್ಬರು ಐವತ್ತರ ಮೇಲಿನ ಮಹಿಳಾ ಎ.ಎಸ್.ಐ. ಕುಳ್ಳಗಿನ ಆಳು, ಕೊರಳಿಗೆ ದಾರ ಕಟ್ಟಿದ ಕನ್ನಡಕ, ಕಂಕುಳಲ್ಲಿ ರಟ್ಟು ಮತ್ತು ಹಾಳೆಗಳು. ಅವರು ಓಡಿ ಬರಲಿಲ್ಲ, ಲಾಠಿ ಎತ್ತಲಿಲ್ಲ, ಏನಾಗ್ತಿದೆ ಇಲ್ಲಿ ಎಂದು ಗದರಲೂ ಇಲ್ಲ. ಗುಂಪಿನ ಒಳಗೆ ದಾರಿ ಮಾಡಿಕೊಂಡು ಬಂದು ನಮ್ಮಿಬ್ಬರ ನಡುವೆ ನಿಂತು, "ಯಾರಾದ್ರೂ ಒಂದು ಕುರ್ಚಿ ಕೊಡ್ರಪ್ಪಾ. ಮಂಡಿ ನೋವು," ಎಂದರು.

ಅಷ್ಟು ಜನರಲ್ಲಿ ಯಾರೂ ಇದಕ್ಕೆ ಸಿದ್ಧರಾಗಿರಲಿಲ್ಲ. ಮೊದಲ ಮನೆಯ ಅಜ್ಜಿ ಪ್ಲಾಸ್ಟಿಕ್ ಕುರ್ಚಿ ಕಳಿಸಿದರು, ಹಿಂದೆಯೇ ತಾವೂ ಬಂದರು. ಎ.ಎಸ್.ಐ. ಮೇಡಂ ನಡುರಸ್ತೆಯಲ್ಲಿ ಕುಳಿತರು. ಆಮೇಲೆ ನಮ್ಮಿಬ್ಬರಿಗೆ, ಗಟ್ಟಿಯಾಗಿ, "ಏನ್ರೀ ನಿಂತ್ಕೊಂಡು ನೋಡ್ತೀರಾ? ಕೂತ್ಕೊಳ್ಳಿ ಕೆಳಗೆ," ಎಂದರು. ಅವರ ಕಾಲಿನ ಎರಡು ಪಕ್ಕ ನೆಲದ ಮೇಲೆ ಕುಳಿತೆವು. ಅಷ್ಟು ಜನರ ಎದುರು ಹಾಗೆ ಕೂರುವುದು ನನಗೆ ಅವಮಾನ ಎನ್ನಿಸಿತು. ನೆಲದ ಮೇಲಿರುವವನಿಗೆ ಹೊಡೆಯಬೇಕಾದರೆ ಆಕೆಯ ಮಂಡಿಯ ಮೇಲೆ ಬಾಗಬೇಕಾಗುತ್ತಿತ್ತು ಎಂಬುದು ಹೊಳೆದದ್ದು ಬಹಳ ದಿನದ ಮೇಲೆ.

ಪ್ರಶ್ನೆ ಶುರುವಾಯಿತು. ಹೆಸರು, ತಂದೆಯ ಹೆಸರು, ತಂದೆ ಏನು ಮಾಡುತ್ತಿದ್ದರು, ಮನೆ ಎಲ್ಲಿ, ಓದಿದ್ದೆಲ್ಲಿ. ಅಪ್ಪ ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿದ್ದವರು ಎಂದೆ. ಮೆಲ್ಲಗೆ ಹೇಳಿದರೆ ಗಟ್ಟಿಯಾಗಿ ಹೇಳಿ ಎನ್ನುತ್ತಿದ್ದರು. ನನ್ನ ಜೊತೆಗಾರರ ಊರಿನ ಹೆಸರನ್ನು ಮೂರು ಸಲ ಕೇಳಿದರು. ಸಿಟ್ಟು ಬಂತು, ಹೊರಗಿನವರು ಎಂದೇ ಹೀಗೆ ಹಿಂಡುತ್ತಿದ್ದಾರೆ ಎಂದುಕೊಂಡೆ. ಮೂರನೆಯ ಸಲಕ್ಕೆ, ಊರಲ್ಲಿ ಯಾರ್ಯಾರಿದ್ದಾರೆ ಎಂದರು. ಅಣ್ಣ ರಕ್ತ ಒಸರುತ್ತಿದ್ದ ಕೈಯ ಬೆರಳೆತ್ತಿ, "ಮೂರು ಹೆಣ್ಣುಮಕ್ಕಳು, ಮೇಡಂ," ಎಂದರು, ಕನ್ನಡದಲ್ಲಿ. ಹಿಂದೆ ನಿಂತಿದ್ದವರಿಗೂ ಕೇಳಿಸಿತು. ಚಪ್ಪಡಿ ತುಂಡು ಹಿಡಿದಿದ್ದವನು ಅದನ್ನು ಕಾಲ ಬಳಿ ಇಟ್ಟ.

ಠಾಣೆಗೆ ತಿಳಿಸಿದ್ದೀರಾ ಎಂದು ಕೇಳಿದಾಗ ನನ್ನ ಜೀವ ಸ್ವಲ್ಪ ಹಗುರಾಯಿತು. ಕಚೇರಿಯಿಂದ ಪತ್ರ ಹೋಗಿದೆ ಎಂದು ನಮಗೆ ಹೇಳಿದ್ದರು. ಮೇಡಂ ಅಲ್ಲಿಂದಲೇ ಫೋನು ಮಾಡಿದರು. ಕಿವಿಗಿಟ್ಟು ಕಾದರು. ಹುಡುಕಿ ಎಂದರು. ಇನ್ನೊಮ್ಮೆ ಹುಡುಕಿ ಎಂದರು. ಫೋನು ಇಟ್ಟಾಗ ಮುಖದಲ್ಲಿ ಏನೂ ಇರಲಿಲ್ಲ. ಅಂಥ ಪತ್ರ ಠಾಣೆಗೆ ಬಂದೇ ಇರಲಿಲ್ಲ.

ಆಕೆ ಅದನ್ನು ಮುಚ್ಚಿಡುತ್ತಾರೆ ಎಂದು ಆಸೆಪಟ್ಟೆ. ಅವರು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು. "ಸ್ಟೇಷನ್‌ಗೆ ಲೆಟರ್ ಬಂದಿಲ್ಲ. ಅದು ಇವರ ತಪ್ಪು. ತಪ್ಪಿಗೆ ವಿಚಾರಿಸೋಳು ನಾನು, ನೀವಲ್ಲ. ವಿಚಾರಿಸ್ದೆ ಹೋಗಲ್ಲ ಇಲ್ಲಿಂದ."

ಜೀಪಿಗೆ ಹಾಕಿ ಮೇಡಂ ಎಂದು ಜನ ಕೂಗಿದರು. ನನಗೂ ಅದೇ ಬೇಕಿತ್ತು. ಕರ್ಕೊಂಡು ಹೋಗ್ಬಿಡಿ ಮೇಡಂ ಎಂದು ಪಿಸುಗುಟ್ಟಿದೆ. ಅವರು ನನ್ನ ಕಡೆ ತಿರುಗದೆ, ತುಟಿ ಅಲ್ಲಾಡದಂತೆ, "ಗಾಡಿವರೆಗೂ ನೂರು ಹೆಜ್ಜೆ ಇದೆ. ಆ ನೂರು ಹೆಜ್ಜೆ ನಿಮ್ಮನ್ನ ನಡೆಸಲ್ಲ ನಾನು," ಎಂದರು.

ಬದಲಿಗೆ ಸ್ಥಳದಲ್ಲೇ ಮಹಜರು ಬರೆಯುವುದಾಗಿ ಹೇಳಿದರು. ಅಂದರೆ ಕಂಡದ್ದನ್ನು ಕಂಡಂತೆ ಬರೆದು ಊರಿನವರನ್ನೇ ಪಂಚರನ್ನಾಗಿ ಮಾಡಿ ಸಹಿ ಹಾಕಿಸುವುದು. ಪಂಚರು ಯಾರಾಗ್ತೀರಿ ಎಂದು ಕೇಳಿದರು. ಅಷ್ಟು ಹೊತ್ತು ಮುಂದೆ ನುಗ್ಗುತ್ತಿದ್ದವರು ಒಂದು ಹೆಜ್ಜೆ ಹಿಂದಾದರು. ಸಹಿ ಹಾಕಿದರೆ ನಾಳೆ ಕೋರ್ಟು ಎಂಬ ಭಯ. ಮೇಡಂ ನೀಲಿ ಅಂಗಿಯವನನ್ನೇ ಕರೆದರು. "ನೀನೇ ಅಲ್ವೇನಪ್ಪಾ ಮೊದ್ಲು ನೋಡಿದ್ದು? ಬಾ." ಅವನು ಬಂದ. ಎರಡನೆಯವರಾಗಿ ಅಜ್ಜಿ.

"ನಂಗೆ ಓದಕ್ಕೆ ಬರಾಕಿಲ್ಲ ಕಣವ್ವ," ಎಂದರು ಅಜ್ಜಿ.

"ಕಣ್ಣು ಕಾಣತ್ತಾ?"

"ಓ, ಅದು ಸಂದಾಗೈತೆ. ಇವ್ರು ನಮ್ಮನೆ ಬಚ್ಲು ಪೋಟೋ ತೆಗುದ್ರು, ಮಜ್ಗೆ ಕುಡುದ್ರು. ಇಂಗೆ ಒಡೀತಾರಾ ಯಾರಾದ್ರೂವೆ?"

ಗುಂಪಿನಲ್ಲಿ ಒಂದಿಬ್ಬರು ನಕ್ಕರು. ಆ ಮಧ್ಯಾಹ್ನದ ಮೊದಲ ನಗು.

ಮೇಡಂ ಬರೆಯತೊಡಗಿದರು. ಅಷ್ಟು ನಿಧಾನವಾಗಿ ಬರೆಯುವವರನ್ನು ನಾನು ಕಂಡಿಲ್ಲ. ಒಂದು ಅಕ್ಷರ, ಅದರ ಒತ್ತು, ಮತ್ತೆ ಓದುವುದು. ರಸ್ತೆಯ ಹೆಸರು ಸರಿಯಾಗಿ ಹೇಳಿ ಎಂದು ಗುಂಪನ್ನು ಕೇಳಿದರು. ಎರಡನೇ ಅಡ್ಡರಸ್ತೆಯೋ ಮೂರನೆಯದೋ ಎಂದು ಅವರವರಲ್ಲೇ ವಾದವಾಯಿತು. ಅಷ್ಟರಲ್ಲಿ ಸುತ್ತ ಎತ್ತಿ ಹಿಡಿದಿದ್ದ ಫೋನುಗಳ ಮೇಲೆ ಅವರ ಕಣ್ಣು ಬಿತ್ತು.

"ವಿಡಿಯೋ ಮಾಡ್ತಿರೋರೆಲ್ಲ ಈ ಕಡೆ ಬಂದು ಹೆಸ್ರು, ವಿಳಾಸ ಬರೆಸಿ. ರಸ್ತೇಲಿ ಫೋಟೋ ತೆಗೆಯೋರನ್ನ ವಿಚಾರಿಸ್ಬೇಕು ಅಂತ ನೀವೇ ಅಲ್ವಾ ನನ್ನ ಕರೆಸಿದ್ದು?"

ಫೋನುಗಳು ಒಂದೊಂದಾಗಿ ಜೇಬು ಸೇರಿದವು. ಬಿಸಿಲು ಏರಿತ್ತು, ಮನೆಗಳಲ್ಲಿ ಕುಕ್ಕರ್ ಕೂಗುತ್ತಿತ್ತು. ಹಿಂದೆ ನಿಂತವರಿಗೆ ಕುರ್ಚಿಯ ಮೇಲೆ ಕುಳಿತು ಬರೆಯುವ ಹೆಂಗಸಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಸುಮಾರು ಅರ್ಧದಷ್ಟು ಜನ ಚದುರಿದರು. ಉಳಿದ ಅರ್ಧ ಸಾಕಿತ್ತು ನಮ್ಮನ್ನು ಮುಗಿಸಲು.

ಆಮೇಲೆ ಕ್ಯಾಮೆರಾ. ತೆಗೆದ ಎಲ್ಲ ಫೋಟೋಗಳನ್ನೂ ಮೊದಲಿಂದ ನೋಡುತ್ತೇನೆ ಎಂದರು. ನಾನು ಮೊಣಕಾಲೂರಿ ಗುಂಡಿ ಒತ್ತುತ್ತಾ ಹೋದೆ. ಕನ್ನಡಕ ಏರಿಸಿ ಒಂದೊಂದನ್ನೂ ನೋಡಿ, ಇದೇನು ಎಂದು ಕೇಳಿ, ಪಂಚರಿಗೆ ತೋರಿಸಿ ಮುಂದಕ್ಕೆ ಎನ್ನುತ್ತಿದ್ದರು. ಗೋಡೆ. ಬಿರುಕು. ಬಿರುಕಿನ ಮೇಲೆ ಪಟ್ಟಿ. ಇಷ್ಟು ಸಣ್ಣ ಬಿರುಕನ್ನೂ ಅಳೀತೀರಾ ಎಂದು ನಿಜವಾದ ಕುತೂಹಲದಿಂದ ಕೇಳಿದರು. ಕೂದಲೆಳೆಯಷ್ಟಿದ್ದರೂ ಬರೆಯಬೇಕು ಎಂದೆ. ಮಾತಾಡುತ್ತಾ ನನ್ನ ದನಿ ಮರಳಿ ಬಂತು. ಗುಂಪಿನಲ್ಲಿದ್ದ ಒಬ್ಬಾಕೆ ತಮ್ಮ ಅಡುಗೆಮನೆಯ ಗೋಡೆಯನ್ನು ಗುರುತಿಸಿ, ನೋಡಿ, ನಾನು ಓನರ್‌ಗೆ ಹೇಳ್ತಾನೇ ಇದೀನಿ ಎಂದರು.

ಹದಿನೇಳನೇ ಮನೆ ಬಂತು. ಇಡೀ ಮನೆಯ ಮುಖ, ಬೀಗ, ಎಡಕ್ಕೆ ಕಿಟಕಿ. ಮೇಡಂ ಮುಂದಕ್ಕೆ ಎನ್ನಲಿಲ್ಲ. ದೊಡ್ಡದು ಮಾಡಿ ಎಂದರು. ಕಿಟಕಿಯ ಮೇಲೆ ದೊಡ್ಡದು ಮಾಡಿದೆ. ಸರಳಿನ ಹಿಂದೆ, ಅರ್ಧ ಕತ್ತಲಲ್ಲಿ, ಒಂದು ಮಗುವಿನ ಮುಖ. ಐದಾರು ವರ್ಷದ ಹುಡುಗಿ, ಸರಳಿಗೆ ಹಣೆ ಒತ್ತಿ ನನ್ನನ್ನೇ ನೋಡುತ್ತಿದ್ದಾಳೆ.

ನನ್ನ ಬೆರಳು ಗುಂಡಿಯ ಮೇಲೇ ನಿಂತಿತು. ಬೀಗ ಹಾಕಿದ ಮನೆ, ಒಳಗೆ ಮಗು, ಮಗುವಿನ ಫೋಟೋ, ಕಂಬದ ಮೇಲೆ ಇಂಟು. ಆ ಸಂದೇಶದಲ್ಲಿ ಬರೆದಿದ್ದದ್ದೆಲ್ಲ ನನ್ನ ಕ್ಯಾಮೆರಾದಲ್ಲಿ ಸಾಲಾಗಿ ಇತ್ತು. ನಾನೇ ನ್ಯಾಯ ಹೇಳಬೇಕಾಗಿದ್ದರೂ ನನ್ನನ್ನು ನಂಬುತ್ತಿರಲಿಲ್ಲ.

ಮೇಡಂ ರಟ್ಟನ್ನು ಕ್ಯಾಮೆರಾಗೆ ಅಡ್ಡ ಹಿಡಿದು, ತೆಗೆಯುವಾಗ ನೋಡಿದ್ರಾ ಎಂದು ಕೇಳಿದರು. ಇಲ್ಲ ಎಂದೆ. ಬಾಗಿಲು ತಟ್ಟಿದ್ರಾ? ಇಲ್ಲ ಎಂದೆ. ಅಷ್ಟೇ. ಅವರು ಒಂದು ಕ್ಷಣ ಕನ್ನಡಕ ತೆಗೆದು ಸೆರಗಿಲ್ಲದ ಹೆಗಲ ಮೇಲೆ ಒರೆಸಿಕೊಂಡರು. ಆ ಕ್ಷಣದಲ್ಲಿ ಮುಂದಕ್ಕೆ ಎಂದುಬಿಟ್ಟಿದ್ದರೆ ಫೋಟೋ ದಾಟಿಹೋಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅವರು ತಲೆ ಎತ್ತಿ, ಹದಿನೇಳನೇ ಮನೆ ಯಾರದು ಎಂದು ಕೇಳಿದರು.

ನಂದೇ ಎಂದ ನೀಲಿ ಅಂಗಿಯವನು.

ಅವನೊಬ್ಬನನ್ನೇ ಹತ್ತಿರ ಕರೆದು ಕುಕ್ಕರಗಾಲಲ್ಲಿ ಕೂರಿಸಿ ಫೋಟೋ ತೋರಿಸಿದರು. ಕಾನ್‌ಸ್ಟೆಬಲ್ ಸದ್ದಿಲ್ಲದೆ ಬಂದು ನನ್ನ ಹಿಂದೆ ನಿಂತರು. ಅವನು ನೋಡಿದ. ಬಹಳ ಹೊತ್ತು ನೋಡಿದ. ಕುತ್ತಿಗೆಯ ನರ ಎದ್ದದ್ದು ನನಗೆ ಕಾಣುತ್ತಿತ್ತು.

ಮೇಡಂ ತಗ್ಗಿದ ದನಿಯಲ್ಲಿ ಕೇಳಿದರು. "ಒಳಗೆ ಎಷ್ಟು ಜನ?"

"ಇಬ್ರು. ದೊಡ್ಡೋಳಿಗೆ ಒಂಬತ್ತು." ಅವನ ದನಿಯೂ ತಗ್ಗಿತು. "ನಮ್ಮನೆಯವ್ಳು ಗಾರ್ಮೆಂಟ್ಸ್ ಮೇಡಂ. ರಜಾ ಅಲ್ವಾ. ನೋಡ್ಕೊಳ್ಳೋರಿಲ್ಲ. ಆ ಮೆಸೇಜು ನೋಡಿದ್ಮೇಲೆ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತೀನಿ. ಊಟಕ್ಕೆ ಬಂದು ತೆಗೀತೀನಿ. ಇವತ್ತು ಬಂದ್ರೆ ಕಂಬದ್ಮೇಲೆ..."

"ಈಗ ತೆಗೆದ್ಯಾ?"

ಅವನು ಜೇಬು ಮುಟ್ಟಿಕೊಂಡ. ಬೀಗದ ಕೈ ಅಲ್ಲೇ ಇತ್ತು. ಗುರುತು ನೋಡಿದವನು ಬಾಗಿಲು ತೆಗೆಯುವುದನ್ನೂ ಮರೆತು ನಮ್ಮ ಕಡೆ ಓಡಿಬಂದಿದ್ದ. ಇಷ್ಟು ಹೊತ್ತು ಆ ಮಕ್ಕಳು ಒಳಗೇ ಇದ್ದವು, ಹೊರಗಿನ ಗದ್ದಲ ಕೇಳುತ್ತಾ.

"ತಪ್ಪು ಅವರದ್ದೂ ಇದೆ, ತಟ್ಟಿ ನೋಡ್ಬೇಕಿತ್ತು," ಎಂದರು ಮೇಡಂ. "ಫೋಟೋ ಏನ್ಮಾಡ್ಬೇಕು, ನೀನೇ ಹೇಳು. ನೀನು ತಂದೆ."

ಅವನು ಪರದೆಯ ಮೇಲೆ ಬೆರಳಿಟ್ಟ. "ಸ್ಟೂಲ್ ಹತ್ತವ್ಳೆ. ಹತ್ಬೇಡ ಅಂದಿದ್ದೆ," ಎಂದ. ಗುಂಪಿನಿಂದ ಯಾರೋ, ಏನ್ ಗುರು ಅದರಲ್ಲಿ ಎಂದು ಕೂಗಿದರು. ಅವನು ಎದ್ದು ನಿಂತು ಆ ಕಡೆ ತಿರುಗಿದ.

"ಏನಿಲ್ಲ. ಗೋಡೆ ಫೋಟೋನೇ ಕಣೋ. ಹೋಗ್ರೋ ಊಟಕ್ಕೆ."

ನಾವು ಬದುಕಿದ್ದು ಆ ಮಾತಿನಿಂದ. ಆ ಮಾತನ್ನು ಅವನ ಬಾಯಲ್ಲೇ ಬರುವಂತೆ ಮಾಡಿದವರು ಕುರ್ಚಿಯಲ್ಲಿ ಕುಳಿತಿದ್ದರು.

ಅವನು ಹೋಗಿ ಬೀಗ ತೆಗೆದ. ದೊಡ್ಡ ಹುಡುಗಿ ತಂಗಿಯ ಕೈ ಹಿಡಿದು ಬಾಗಿಲ ಹಿಂದೆ ನಿಂತಿದ್ದಳು. ಮೇಡಂ ಆ ಫೋಟೋವನ್ನು ಅವನೆದುರೇ ಅಳಿಸಿ, ಅಳಿಸಿದ್ದನ್ನು ಮಹಜರಿನಲ್ಲಿ ಬರೆದರು. ಇನ್ನು ಹೊರಡೋಣ ಎಂದು ನಾನು ಚೀಲ ಎತ್ತಿಕೊಂಡೆ. ಮೇಡಂ ಬಿಡಲಿಲ್ಲ. ಈಗ ಓಡಿಹೋದರೆ ಈ ರಸ್ತೆಗೆ ನೀವು ಕಳ್ಳರಾಗಿಯೇ ಉಳಿಯುತ್ತೀರಿ, ಉಳಿದ ಮನೆ ಮುಗಿಸಿ, ನಾನಿರುತ್ತೇನೆ ಎಂದರು. ನನ್ನ ಜೊತೆಗಾರರ ಕೈಗೆ ಅಜ್ಜಿ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದರು, ಸ್ಲೇಟು ಹಿಡಿಯಲಾಗುತ್ತಿರಲಿಲ್ಲ. ಸ್ಲೇಟನ್ನು ನೀಲಿ ಅಂಗಿಯವನು ಹಿಡಿದ. ಅರ್ಧ ದಿನ ರಜೆ ಹಾಕಿ ಕೊನೆಯ ಮನೆಯವರೆಗೂ ಹಿಡಿದ. ಹೊಡೆದದ್ದು ಅವನೇ ಇರಬಹುದು, ಕೇಳಲಿಲ್ಲ.

ಹೊರಡುವ ಮುಂಚೆ ಮೇಡಂ ನನ್ನ ಜೊತೆಗಾರರನ್ನು ದೂರು ಕೊಡ್ತೀರಾ ಎಂದು ಕೇಳಿದರು. ಅವರು ಬೇಡ ಎಂದು ತಲೆಯಾಡಿಸಿದರು. ಇನ್ನೊಮ್ಮೆ ಕೇಳಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಮೇಡಂ ಕೇಳಲಿಲ್ಲ. ಕಂಬದ ಇಂಟು ಮಾರ್ಕನ್ನು ಒದ್ದೆ ಬಟ್ಟೆಯಿಂದ ನನ್ನ ಕೈಯಿಂದಲೇ ಒರೆಸಿಸಿದರು. "ಇನ್ಮೇಲೆ ಗುರುತು ಹಾಕ್ಬೇಡಿ. ಅಕ್ಷರ ಬರೀರಿ. ಗುರುತಿಗೆ ಯಾರು ಏನು ಬೇಕಾದ್ರೂ ಅರ್ಥ ಕಟ್ತಾರೆ."

ಹೇಳಿಕೆಗೆ ಸಹಿ ಹಾಕಲು ಮಾರನೇ ದಿನ ಠಾಣೆಗೆ ಹೋದಾಗ, ಅವರ ಆ ನಿಧಾನದ ಬರವಣಿಗೆಯ ಬಗ್ಗೆ ಚಾಲಕ ಕಾನ್‌ಸ್ಟೆಬಲ್ ಹತ್ತಿರ ತಮಾಷೆ ಮಾಡಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಮೇಡಮ್ಮಾ? ಈ ಸ್ಟೇಷನ್ನಲ್ಲಿ ಅವರಷ್ಟು ಸ್ಪೀಡಾಗಿ ಬರೆಯೋರು ಯಾರೂ ಇಲ್ಲ ಸಾರ್."

ಈಗ ಕೆಲಸ ಕಾಡುಗೋಡಿಯಲ್ಲಿ. ಹೊಸ ಬಡಾವಣೆಗೆ ಹೋಗುವ ಮುನ್ನ ಪತ್ರವನ್ನು ಕನ್ನಡದಲ್ಲಿ ಬರೆಸಿ ನಾನೇ ಠಾಣೆಗೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳುತ್ತೇನೆ. ಬೀಗ ಕಂಡರೂ ಬಾಗಿಲು ತಟ್ಟುತ್ತೇನೆ. ಅಣ್ಣ ಎರಡು ಹೆಜ್ಜೆ ಹಿಂದೆ, ಟೇಪನ್ನು ಎಡಗೈಗೆ ಬದಲಾಯಿಸಿಕೊಂಡು ನಿಲ್ಲುತ್ತಾರೆ.

ಕಳೆದ ವಾರ ಹಾಗೆ ಒಂದು ಬೀಗದ ಮನೆಯ ಬಾಗಿಲು ತಟ್ಟಿ, ಒಳಗೆ ಯಾರಾದರೂ ಇದ್ದೀರಾ ಎಂದು ಕೇಳಿದೆ. ಆಮೇಲೆ ಬಾಗಿಲ ಬುಡದಿಂದ ಒಂದು ಸಣ್ಣ ದನಿ ಬಂತು.

"ಯಾರೂ ಇಲ್ಲ."

ಸೀಮೆಸುಣ್ಣ ಜೇಬಿಗೆ ಹಾಕಿದೆ. ಕ್ಯಾಮೆರಾಗೆ ಮುಚ್ಚಳ ಹಾಕಿದೆ. ಸರಿ ಪುಟ್ಟಾ ಎಂದು ಹೇಳಿ, ಕಂಬದ ಮೇಲೆ ಏನನ್ನೂ ಬರೆಯದೆ, ಮುಂದಿನ ಮನೆಗೆ ನಡೆದೆವು.